ಕೊನೆಯವಳಾಗುವ ಆಸೆ

ನರ್ಮದಾ ಬೆಳಿಗ್ಗೆ ಬಿರಬಿರನೆ ನಡೆಯುತ್ತಿದ್ದುದೇ ತಪ್ಪಾಯಿತು. ಅವಳಿಗೆ ವೇಗದ ಹುಚ್ಚೇನೂ ಇರಲಿಲ್ಲ. ಓಣಿಯ ಶಂಕ್ರವ್ವ ಎದ್ದು ಜೊತೆಯಾಗುವ ಮೊದಲೇ ಊರು ದಾಟಬೇಕಿತ್ತು, ಅಷ್ಟೇ. ಆಮೇಲಿನ ಒಂದು ತಾಸು ಅವಳದು. ಗುಡ್ಡದ ಮೇಲೆ ಗಾಳಿಯಂತ್ರಗಳು ನಿದ್ದೆಗಣ್ಣಿನಲ್ಲಿ ತಿರುಗುತ್ತಿದ್ದರೆ, ನಲವತ್ತೇಳರ ನರ್ಮದಾ ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಒಂದು ದಿನ ಹಡಗು ನಡೆಸುವವಳು, ಇನ್ನೊಂದು ದಿನ ಬರೀ ಒಂದು ಮೋಡ.

ಆ ನಡಿಗೆ ಯಮನೂರಸಾಬನ ಕಣ್ಣಿಗೆ ಬಿತ್ತು. ಕಬಡ್ಡಿ, ವಾಲಿಬಾಲ್, ಓಟ, ಎಸೆತ ಎಲ್ಲವನ್ನೂ ಒಂದೇ ಖೋಲಿಯಲ್ಲಿ ತುಂಬಿಕೊಂಡಿದ್ದ ಗಜೇಂದ್ರಗಡದ ಕ್ರೀಡಾ ಸಂಘಕ್ಕೆ ಅವನೇ ಕಾರ್ಯದರ್ಶಿ. ರೋಣದ ಅಥ್ಲೆಟಿಕ್ಸ್ ಕೂಟಕ್ಕೆ ಅವನ ತಂಡದಲ್ಲಿ ಓಡುವವರಿದ್ದರು, ಜಿಗಿಯುವವರಿದ್ದರು. ನಲವತ್ತೈದು ದಾಟಿದ ಹೆಂಗಸರ ನಡಿಗೆ ಸ್ಪರ್ಧೆಗೆ ಮಾತ್ರ ಯಾರೂ ಸಿಕ್ಕಿರಲಿಲ್ಲ.

"ಅಕ್ಕಾರ, ನೀವು ನಡಿಯೂದಿಲ್ರಿ, ತೇಲತೀರಿ!"

"ನಾ ಒಲ್ಲೆನೋ ತಮ್ಮಾ."

"ಹೆಸರು ಬರಸೇಬಿಟ್ಟೀನ್ರಿ."

ಗಂಡ ಜಯತೀರ್ಥ ಪೇಪರಿನಿಂದ ತಲೆಯೆತ್ತಿದ. "ಹೋಗೋಣಲ್ಲಾ, ಭಾನುವಾರ ಅದ. ನಾನೂ ಬರ್ತೀನಿ."

ಭಾನುವಾರ ಬಸ್ಸಿನಲ್ಲಿ ನರ್ಮದಾ ಲೆಕ್ಕ ಹಾಕಿದಳು. ಗೆದ್ದರೆ ಸಂಘದವರು ಬಿಡುವುದಿಲ್ಲ. ದಿನಾ ತಾಲೀಮು, ದಿನಾ ಜನ. ತನ್ನ ತಾಸು ಹೋದಂತೆಯೇ. ಕೊನೆಯವಳಾದರೆ ತಾವಾಗಿಯೇ ಮರೆಯುತ್ತಾರೆ. ಕೊನೆಯವಳಾಗಬೇಕು.

ಮೈದಾನದಲ್ಲಿ ಸುಣ್ಣದ ಗೆರೆ, ಒಂಬತ್ತು ಮಂದಿ ಹೆಂಗಸರು, ಐದು ಸುತ್ತು. ಗದಗಿನಿಂದ ಬಂದ ನಿರ್ಣಾಯಕಿ ಆರತಿಯ ಕೈಯಲ್ಲಿ ಕೆಂಪು ಫಲಕ.

"ಒಂದ ಕಾಲು ಯಾವಾಗಲೂ ನೆಲದ ಮ್ಯಾಲೆ ಇರಬೇಕ್ರಿ. ಎರಡೂ ಎದ್ದೂ ಅಂದ್ರ ಓಟ. ಓಡಿದವರು ಹೊರಗ!"

ಸೀಟಿ ಕೇಳಿಸಿತು. ನರ್ಮದಾ ಹಿಂದುಳಿದಳು. ಹಿಂದುಳಿಯುವುದರಲ್ಲಿ ಇಷ್ಟು ಸುಖವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎರೆಮಣ್ಣಿನ ಮೇಲೆ ಎಳೆಬಿಸಿಲು ಹಾಲಿನ ಕೆನೆಯಂತೆ ಕಟ್ಟಿತ್ತು. ಮುಂದಿದ್ದ ಎಂಟು ಸೀರೆಗಳು ದೂರ ಹೋಗುತ್ತ ಹೋಗುತ್ತ ದೋಣಿಗಳಾದವು. ಮೈದಾನ ನಿಧಾನವಾಗಿ ನೀರಾಯಿತು. ಅವಳು ಅದರ ಮೇಲೆ ಒಬ್ಬಳೇ.

ಮೂರನೆಯ ಸುತ್ತಿಗೆ ದಂಡೆಯ ಮೇಲಿದ್ದ ಮನೆಮಂದಿಗೆ ತಡೆಯಲಾಗಲಿಲ್ಲ.

"ಓಡವಾ ಭಾಗ್ಯಾ, ಓಡ!" ನರಗುಂದದವರು ಕೂಗಿದರು.

"ಜಬೀನಾ, ಏನ್ ಮದವಿ ಮೆರವಣಗಿ ಹೊಂಟೀಯೇನ? ಓಡ!" ರೋಣದವರು ಕೂಗಿದರು.

ಮನೆಯವರು ಕೂಗಿದ ಮೇಲೆ ಯಾವ ಹೆಂಗಸು ನಡೆದಾಳು? ಜೀವಮಾನವಿಡೀ ಕರೆದ ಕಡೆಗೆ ಓಡಿದ ಕಾಲುಗಳು ಅವು. ಒಲೆಯ ಮೇಲೆ ಹಾಲು ಉಕ್ಕಿತೆಂದು ಕೇಳಿದವರಂತೆ, ನೆರಿಗೆ ಎತ್ತಿ ಹಿಡಿದು ಎಂಟೂ ಮಂದಿ ಓಡಿದರು. ಆರತಿಯ ಕೆಂಪು ಫಲಕ ಎಂಟು ಸಲ ಮೇಲೆದ್ದಿತು.

"ಓಡ್ರೀ ಅಕ್ಕಾರ!" ಎಂದು ಯಮನೂರಸಾಬನೂ ಗಂಟಲು ಹರಿದುಕೊಂಡಿದ್ದ. ನಡುನೀರಿನಲ್ಲಿದ್ದವಳಿಗೆ ಅದು ಕೇಳಿಸಿರಲಿಲ್ಲ. ಎಚ್ಚರಾದಾಗ ಐದು ಸುತ್ತು ಮುಗಿದು ಕೊರಳಲ್ಲಿ ಹಾರವಿತ್ತು.

"ಅಲ್ಲರಿ, ನಾ ಎಲ್ಲಾರಕಿಂತ ಹಿಂದಿದ್ದೆ!" ಎಂದಳು ಅಳುದನಿಯಲ್ಲಿ.

"ಮೊದಲಿನವರೂ ನೀವ, ಕಡೀಯವರೂ ನೀವರಿ," ಎಂದಳು ಆರತಿ. "ಉಳದವರು ನೀವೊಬ್ಬರ."

ಯಮನೂರಸಾಬ ಮೈಕು ಕಸಿದುಕೊಂಡ. "ನಾಳಿಂದ ಮುಂಜಾನೆ ಐದೂವರಿಗೆ ನಮ್ಮ ತಂಡದ ಹೆಣ್ಮಕ್ಕಳಿಗೆಲ್ಲಾ ಅಕ್ಕಾರ ನಡಿಯೂದು ಕಲಸ್ತಾರ!"

ಸಂಜೆ ಊರಿಗೆ ಮರಳುವ ಬಸ್ಸು ಹತ್ತುವಷ್ಟರಲ್ಲಿ ವಾಟ್ಸಾಪ್ ಗುಂಪು ತಯಾರಾಗಿತ್ತು. ಅದೇ ಬಸ್ಸಿನ ಇಪ್ಪತ್ತೆರಡು ಹೆಣ್ಣುಮಕ್ಕಳು, ಉಸ್ತುವಾರಿಗೆ ಜಯತೀರ್ಥ. ಕಿಟಕಿಯಾಚೆ ಜೋಳದ ಹೊಲಗಳು ನೀಲಿಯಾಗುತ್ತಿದ್ದವು. ನರ್ಮದಾ ಹೊರಗೆ ನೋಡುತ್ತ ಕುಳಿತಳು. ಐದೂವರೆಗೆ ತಾನೇ ಅವರು ಬರುವುದು? ಹಾಗಾದರೆ ನಾಲ್ಕೂವರೆಯಿಂದ ಐದೂವರೆ ಇನ್ನೂ ಯಾರದೂ ಅಲ್ಲ. ಮೆಲ್ಲಗೆ ಫೋನು ತೆಗೆದು ನಾಲ್ಕು ಗಂಟೆಗೆ ಅಲಾರಾಂ ಇಟ್ಟಳು.

ಜಯತೀರ್ಥ ಇಣುಕಿದ. "ನಾಲ್ಕಕ್ಕ? ಯಾಕ?"

"ಸುಮ್ಮನ. ಅವರು ಬರೂದ್ರೊಳಗ ನಂದೊಂದಿಷ್ಟು ನಡಿಗಿ..."

ಜಯತೀರ್ಥನ ಕಣ್ಣು ತುಂಬಿ ಬಂತು. ಇಂಥ ನಿಷ್ಠೆ! ತನ್ನ ಫೋನು ತೆಗೆದು ಗುಂಪಿಗೆ ಏನನ್ನೋ ಬರೆದ.

ಮುಂದಿನ ಸೀಟಿನಲ್ಲಿ ಒಂದು ಫೋನು ಟಿಣ್ ಎಂದಿತು. ಆಮೇಲೆ ಬಾಗಿಲ ಬಳಿ ಇನ್ನೊಂದು. ಆಮೇಲೆ ಬಸ್ಸಿನ ತುಂಬ.

"ಐದೂವರಿ ಅಲ್ಲಂತ ನೋಡ್ರೆವಾ, ನಾಲ್ಕಕ್ಕಂತ!" ಹಿಂದಿನಿಂದ ಯಾರೋ ಕೂಗಿದರು. "ಅಕ್ಕಾರ, ಹೋಗೂ ಮುಂದ ನಮ್ಮ ಬಾಗಲಾನೂ ಬಡೀರಿ, ಮತ್ತ!"