ಪೂಜೆಗೆ ಕೂತ ಕತ್ತಿ

ಸಂಜೆ ಆರಕ್ಕೆ ಪಂದ್ಯ. ನಾಲ್ಕೂವರೆಗೆ ನೋಡಿದರೆ ಕತ್ತಿಯೇ ನಾಪತ್ತೆ. ಕೃಷ್ಣಪ್ರಸಾದ ಗರಾಜಿನ ಮೂಲೆಮೂಲೆ ತಡಕಿದ, ಹಿಮ ಎತ್ತುವ ಸಲಿಕೆಯ ಹಿಂದೆ ನೋಡಿದ, ಕಡೆಗೆ ಫ್ರಿಜ್ಜಿನ ಬಾಗಿಲನ್ನೂ ತೆಗೆದು ತನಗೆ ತಾನೇ ನಾಚಿಕೊಂಡ.

ಐವತ್ತು ಹತ್ತಿರ ಬಂದರೆ ಅಮೆರಿಕದ ಈ ಆಶ್‌ಬರ್ನಿನ ಗಂಡಸರು ಗಾಲ್ಫ್ ಹಿಡಿಯುತ್ತಾರೆ, ಇಲ್ಲವೇ ಮ್ಯಾರಥಾನ್. ಮೈಸೂರಿನ ಈ ಪುಣ್ಯಾತ್ಮ ಹಿಡಿದದ್ದು ಸ್ಪೇನಿನ ಹಳೇ ಕಾಲದ ಕತ್ತಿವರಸೆ. ಅದರಲ್ಲಿ ಹಾರಾಟ, ಚೀರಾಟ ಇಲ್ಲ. ನೆಟ್ಟಗೆ ನಿಂತು ತೋಳು ನೀಳವಾಗಿ ಚಾಚಬೇಕು. ನೆಲದ ಮೇಲೊಂದು ವೃತ್ತವಿದೆ ಎಂದುಕೊಂಡು ಅದರ ಅಂಚಿನಲ್ಲೇ ಹೆಜ್ಜೆ ಇಡಬೇಕು. ಬಲಕ್ಕೆ ಬಲ ಕೊಡದೆ ಪಕ್ಕಕ್ಕೆ ಸರಿದು ಬುದ್ಧಿಯಿಂದ ಗೆಲ್ಲಬೇಕು. ಕೋಪ ಬಂದವನು ಸೋತ ಹಾಗೇ. ಮ್ಯಾನೇಜರುಗಳ ಮುಂದೆ ವರ್ಷಗಟ್ಟಲೆ ಬಗ್ಗಿದ ಬೆನ್ನಿಗೆ ಈ ವಿದ್ಯೆ ಬಹಳ ಹಿತವಾಗಿತ್ತು. ಅವನಿಗಿದ್ದ ಆಸೆ ಒಂದೇ, ಹೆಂಡತಿ ಜಯಾ ಒಮ್ಮೆ ಬಂದು ನೋಡಬೇಕು. ಪ್ರತಿ ಶುಕ್ರವಾರ ಅವಳೇ ಕಾರಿನಲ್ಲಿ ಕ್ಲಾಸಿಗೆ ಬಿಟ್ಟು ತರಕಾರಿಗೆ ಹೋಗುತ್ತಿದ್ದಳೇ ಹೊರತು ಒಳಗೆ ಕಾಲಿಟ್ಟವಳಲ್ಲ. ಇವತ್ತು ಅಂತೂ ಬರುತ್ತೇನೆಂದು ಒಪ್ಪಿದ್ದಳು.

ಜಯಾಳನ್ನೇ ಕೇಳೋಣವೆಂದು, ಅವಳು ಮಧ್ಯಾಹ್ನವೇ ಹೋಗಿದ್ದ ಪಕ್ಕದ ಮೈಥಿಲಿಯ ಮನೆಗೆ ಓಡಿದ. ಅಲ್ಲಿ ಆಯುಧಪೂಜೆ.

"ಬನ್ನಿ ಪ್ರಸಾದ್! ನಿಮ್ಮಿಂದ ಈ ಸಲ ಪೂಜೆಗೊಂದು ಕಳೆ ಬಂತು ನೋಡಿ," ಎಂದಳು ಮೈಥಿಲಿ.

ನಡುಮನೆಯ ಮಣೆಯ ಮೇಲೆ ಲ್ಯಾಪ್‌ಟಾಪುಗಳು, ಕಾರಿನ ಕೀಲಿಗಳು, ಒಂದು ಡ್ರಿಲ್ಲಿಂಗ್ ಮಷೀನು. ಅವುಗಳ ನಡುವೆ ಅರಿಶಿನ, ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಹಾರ ಹಾಕಿಸಿಕೊಂಡು, ಮದುಮಗನಂತೆ ಅವನ ಕತ್ತಿ! ವರ್ಷವರ್ಷವೂ ಸ್ಕ್ರೂಡ್ರೈವರಿಗೆ ಕೈಮುಗಿದು ಬೇಸತ್ತಿದ್ದ ಜನಕ್ಕೆ ಕೊನೆಗೂ ನಿಜವಾದ ಆಯುಧ ಸಿಕ್ಕಿತ್ತು. ಕ್ಲಾರ್ಕ್ಸ್‌ಬರ್ಗಿನಿಂದ ಬಂದಿದ್ದ ಯಶವಂತ್ ಅದರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ.

ಕೇಳದೆ ತಂದಿದ್ದಾರಲ್ಲ ಎಂದು ಮೈಥಿಲಿಯ ಮೇಲೆ ರೇಗಬೇಕೆನಿಸಿತು. ಕೋಪ ನುಂಗಿಕೊಂಡು ಮೆಲ್ಲಗೆ ಕೈ ಚಾಚಿದ. ಟಪ್ ಎಂದು ಕೈಮೇಲೆ ಸೌಟು ಬಿತ್ತು.

"ಮುಟ್ಟಬ್ಯಾಡಪ್ಪಾ! ಪೂಜಿಗೆ ಕೂತ ಆಯುಧ ನಾಳಿಗಂಟ ಎತ್ತಂಗಿಲ್ಲ," ಎಂದರು ಮೈಥಿಲಿಯ ಅತ್ತೆ ಮಲ್ಲಮ್ಮ. ದಾವಣಗೆರೆಯಿಂದ ಬಂದು ಆರು ತಿಂಗಳಾದರೂ ಅವರ ಗತ್ತು ಒಂದಿಷ್ಟೂ ಕರಗಿರಲಿಲ್ಲ.

ನೇರ ನುಗ್ಗಬಾರದು, ಪಕ್ಕಕ್ಕೆ ಸರಿಯಬೇಕು. ಕೃಷ್ಣಪ್ರಸಾದ ಮಣೆಯ ಎಡಕ್ಕೆ ಹೆಜ್ಜೆ ಇಟ್ಟ. ಸೌಟೂ ಎಡಕ್ಕೆ ತಿರುಗಿತು. ಇನ್ನಷ್ಟು ಸರಿದ. ಸೌಟೂ ಸರಿಯಿತು. ಅವನು ಪ್ರದಕ್ಷಿಣೆ ಹಾಕುತ್ತಿದ್ದಾನೆಂದು ತಿಳಿದು ಯಶವಂತ್ ಕೈಮುಗಿದು ಹಿಂದೆ ಸೇರಿಕೊಂಡ. ಅವನ ಹಿಂದೆ ಇನ್ನೂ ನಾಲ್ಕು ಜನ. ಮೂರು ಸುತ್ತು ಮುಗಿಯದೆ ಅವನಿಗೆ ನಿಲ್ಲುವುದಕ್ಕೂ ಆಗಲಿಲ್ಲ.

ಆಗ ಹೊಳೆಯಿತು.

"ಅಮ್ಮಾ, ಮೈಸೂರಲ್ಲಿ ಆಗ್ಲೇ ಶನಿವಾರ ಶುರುವಾಗಿದೆ. ಅಂದ್ರೆ ವಿಜಯದಶಮಿ ಬಂದಾಯ್ತು. ಇನ್ನು ತೆಗೀಬಹುದಲ್ವಾ? ನಂಗೆ ಪಂದ್ಯ ಇದೆ."

ಎಲ್ಲರೂ ಮಲ್ಲಮ್ಮನ ಕಡೆ ತಿರುಗಿದರು. ಜನ್ಮದಲ್ಲಿ ಮೊದಲ ಬಾರಿಗೆ ಒಂದು ಏಟು ಸರಿಯಾಗಿ ಬಿದ್ದಿತೆಂದು ಕೃಷ್ಣಪ್ರಸಾದ ಹಿಗ್ಗಿದ.

ಮಲ್ಲಮ್ಮ ಸೌಟು ಇಳಿಸಿದರು. "ಅದೂ ಖರೇನ. ನಿನ್ನ ಪಂದ್ಯ ಯಾವತ್ತು?"

"ಶುಕ್ರವಾರ ಸಂಜೆ."

"ಇವತ್ತು ಶನಿವಾರ ಅಂತ ನೀನ ಅಂದ್ಯಲ್ಲ. ಹಂಗಾದ್ರ ಅದು ನಿನ್ನೇನ ಮುಗೀತು. ಕೂತ್ಕಾ, ಚಿತ್ರಾನ್ನ ತಿನ್ನು."

ನಗು ಸೂರು ಹಾರಿಸುವಂತಿತ್ತು. ಕೃಷ್ಣಪ್ರಸಾದ ಕತ್ತಿವರಸೆಯ ಮೇಷ್ಟ್ರಿಗೆ ಬರಲಾಗುವುದಿಲ್ಲವೆಂದು ಮೆಸೇಜು ಹಾಕಿ, ತಟ್ಟೆ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂತ. ಜಯಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು.

"ಆ ಮೈಥಿಲಿಗೆ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ?" ಎಂದ.

"ಅವಳಲ್ಲ ರೀ. ನಾನೇ ತಂದಿಟ್ಟೆ."

"ನೀನಾ? ಪಂದ್ಯ ಇದೆ ಅಂತ ಗೊತ್ತಿತ್ತಲ್ಲ!"

"ಗೊತ್ತಿದ್ದಕ್ಕೇ ಇಟ್ಟೆ. ತರಕಾರಿಗೆ ಅಂತ ಹೋಗ್ತಿದ್ನಲ್ಲ, ಒಂದಿನಾನೂ ಹೋಗಿಲ್ಲ. ಪಾರ್ಕಿಂಗ್ ಲಾಟಲ್ಲೇ ಕೂತು ಗಾಜಿನಾಚೆಯಿಂದ ನೋಡ್ತಿದ್ದೆ. ಪ್ರತಿ ಸಲ ನಿಮಗೇ ಏಟು. ಇವತ್ತು ಅಷ್ಟು ಜನರ ಮುಂದೆ ನೀವು ಏಟು ತಿನ್ನೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ ಅನ್ನಿಸ್ತು."

"ಮತ್ತೆ ತರಕಾರಿ?"

"ಮೈಥಿಲಿ ತಂದುಕೊಡ್ತಿದ್ಲು."

ಅಂದರೆ ಇಡೀ ಬೀದಿಗೆ ಗೊತ್ತು! ಆದರೂ ಅವನಿಗೆ ಸಿಟ್ಟು ಬರಲಿಲ್ಲ. ವಾರವಾರವೂ ಅವಳು ನೋಡುತ್ತಿದ್ದಳು ಎನ್ನುವುದೊಂದಕ್ಕೇ ಎದೆ ತುಂಬಿ ಕಣ್ಣು ಒದ್ದೆಯಾಯಿತು.

"ಅಷ್ಟು ಕೆಟ್ಟದಾಗಿ ಆಡ್ತೀನಾ?"

"ತುಂಬಾ ಕೆಟ್ಟದಾಗಿ," ಎಂದಳು ಜಯಾ. "ಆದ್ರೆ ಸೋತ ಮೇಲೆ ಮುಖವಾಡ ತೆಗೆದು ಎದುರಿನವರ ಕೈ ಕುಲುಕಿ ನಗ್ತೀರಲ್ಲ, ಆ ನಗು ಮನೇಲಿ ನೋಡೇ ಇಲ್ಲ ರೀ. ಅದಕ್ಕೋಸ್ಕರ ಬರ್ತಿದ್ದೆ."

"ಮುಂದಿನ ವಾರ ಒಳಗೇ ಬಾ, ಜಯಾ. ನೀನೊಬ್ಳೇ ಬಂದ್ರೆ ಸಾಕು."

ಅವಳು ಹೂಂ ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಜೋರಾಗಿ ಮೂಗು ಸೀಟಿದ ಸದ್ದು. ತಿರುಗಿದರೆ ಬಾಗಿಲ ತುಂಬ ಮೈಥಿಲಿ, ಯಶವಂತ್, ಪ್ರದಕ್ಷಿಣೆಯ ನಾಲ್ವರು. ಎಲ್ಲರ ಮುಂದೆ ಕಣ್ಣೊರೆಸಿಕೊಳ್ಳುತ್ತ ಮಲ್ಲಮ್ಮ.

"ಒಬ್ಬಾಕಿನ್ನ ಹೆಂಗ ಕಳಿಸೋದಪ್ಪಾ? ನಾವೆಲ್ಲಾರೂ ಬರ್ತೀವಿ."