ಎಂಟು ಅಡಿಯ ಆಕಾಶ

ಬಿದ್ದವನು ಮೊದಲು ಮಾಡಬೇಕಾದ ಕೆಲಸವೆಂದರೆ ಎಲ್ಲಿಂದ ಬಿದ್ದೆ ಎಂಬುದನ್ನು ತಾನೇ ಹೇಳಿಬಿಡುವುದು. ಮೂಳೆಯ ವಿಚಾರ ಆಮೇಲೆ, ಅದಕ್ಕೆ ಡಾಕ್ಟರಿದ್ದಾರೆ. ನಾವು ಬಾಯಿ ಬಿಡುವುದು ಸ್ವಲ್ಪ ತಡವಾದರೂ ಊರಿನವರೇ ಒಂದು ಜಾಗ ಗೊತ್ತುಮಾಡಿ ನಮ್ಮನ್ನು ಅಲ್ಲಿಂದ ಬೀಳಿಸಿರುತ್ತಾರೆ. ಯಾರೂ ಕೇಳದಿದ್ದರೂ ಬುದ್ಧಿ ಹೇಳುವುದು ನನ್ನ ಹುಟ್ಟುಗುಣ ನಿಜ. ಆದರೆ ಈ ಬುದ್ಧಿಮಾತು ಬಲತೊಡೆಯೊಳಗೆ ಒಂದು ಸ್ಟೀಲಿನ ರಾಡು ಇಡಿಸಿಕೊಂಡು ಕಲಿತದ್ದು. ಸುಮ್ಮನೆ ಸಿಗುತ್ತಿರುವಾಗ ತೆಗೆದುಕೊಳ್ಳಿ.

ಶಿಡ್ಲಘಟ್ಟದಲ್ಲಿ ನನ್ನದೊಂದು ಸಣ್ಣ ರೇಷ್ಮೆ ನೂಲು ತೆಗೆಯುವ ಘಟಕವಿದೆ. ಗೂಡಿನ ಮಾರುಕಟ್ಟೆಯಲ್ಲಿ ಬುಟ್ಟಿ ಹೊತ್ತು ಶುರುಮಾಡಿದವನು ಈಗ ಅದೇ ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಮೂಗು ಮುರಿಯುವ ಮಟ್ಟಕ್ಕೆ ಬೆಳೆದಿದ್ದೇನೆ. ನನಗಿರುವ ಒಂದೇ ಚಟ, ಬೇಡದ ವಸ್ತುವಿನ ಬೆಲೆ ಕೇಳುವುದು. ಗೌರಿಬಿದನೂರಿನ ಕಡೆ ಏರ್‌ಫೋರ್ಸಿನಿಂದ ನಿವೃತ್ತರಾದ ಸುದರ್ಶನ್ ಸಾರ್ ಎಂಬುವವರು ಒಂದು ಸಣ್ಣ ರನ್‌ವೇ ಮಾಡಿಕೊಂಡು ಜೈರೋಪ್ಲೇನ್ ಹಾರಿಸಲು ಕಲಿಸುತ್ತಾರೆ. ಅದು ಒಮ್ಮೆ ಹಿಪ್ಪುನೇರಳೆ ತೋಟದ ಮೇಲೆ ಹಾದುಹೋದದ್ದನ್ನು ನೋಡಿ, ಬೈಕು ಹತ್ತಿ ಹುಡುಕಿಕೊಂಡು ಹೋಗಿ, "ಏನು ರೇಟು ಸಾರ್ ಇದು?" ಎಂದು ಕೇಳಿದೆ. ಮಾರಾಟಕ್ಕಿಲ್ಲ, ಬೇಕಾದರೆ ಕಲಿಯಿರಿ ಎಂದರು. ಕಲಿಯುವುದಕ್ಕೇ ಚೌಕಾಸಿ ಶುರುಮಾಡಿದೆ. ಅವರು ಇಳಿಯುತ್ತಾ ಬಂದು, ನನಗೆ ಬೇಡ ಎನ್ನಲು ಕಾರಣವೇ ಇಲ್ಲದ ಜಾಗದಲ್ಲಿ ನಿಂತುಬಿಟ್ಟರು. ಹೀಗೆ ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಪೈಲಟ್ ವಿದ್ಯಾರ್ಥಿಯಾದೆ.

ಜೈರೋಪ್ಲೇನೆಂದರೆ ಹೆಲಿಕಾಪ್ಟರ್ ಅಲ್ಲ. ಬೆನ್ನ ಹಿಂದಿನ ಫ್ಯಾನು ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಎದುರು ಬರುವ ಗಾಳಿಗೆ ತಲೆಯ ಮೇಲಿನ ದೊಡ್ಡ ರೆಕ್ಕೆ ಮಕ್ಕಳ ಗಿರಗಿಟ್ಲೆಯ ಹಾಗೆ ತಾನಾಗಿ ತಿರುಗಿ ಎತ್ತಿಕೊಳ್ಳುತ್ತದೆ. ನಡುವೆ ಎಂಜಿನ್ ನಿಂತರೂ ರೆಕ್ಕೆ ತಿರುಗುತ್ತಲೇ ಕೆಳಗಿಳಿಸುತ್ತದೆ. ಬಿಟ್ಟಿ ಸಿಗುವ ಗಾಳಿಯ ಮೇಲೆ ನಡೆಯುವ ಈ ವ್ಯವಹಾರ ನನ್ನ ಮನಸ್ಸಿಗೆ ತುಂಬ ಹಿಡಿಸಿತ್ತು. ಹಾಗಾಗಿ ಮೊದಲೇ ಸ್ಪಷ್ಟಪಡಿಸುತ್ತೇನೆ: ನಾನು ಅದರಿಂದ ಬೀಳಲಿಲ್ಲ. ಬಿದ್ದದ್ದು ನಮ್ಮ ಶೆಡ್ಡಿನ ಏಣಿಯಿಂದ. ಎಂಟು ಅಡಿ.

ಅಟ್ಟದ ಮೇಲೆ ಹಳೆಯ ಚಂದ್ರಿಕೆಗಳಿದ್ದವು. ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಹೆಣಿಗೆಗಳು. ಕಳವಾರದ ಮುನಿಯಪ್ಪ ಕೊಳ್ಳಲು ಬಂದಿದ್ದ. ನಾನು ಏಣಿಯ ತುದಿಯಲ್ಲಿ ನಿಂತು ಎಡಗೈಯಲ್ಲಿ ಒಂದು ಚಂದ್ರಿಕೆ ಎತ್ತಿ ತೋರಿಸುತ್ತಿದ್ದೆ. ಅವನು ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟು, ಕೈಮೇಲೆ ಟವಲ್ ಹಾಕಿಕೊಂಡು ಮೇಲಕ್ಕೆ ಚಾಚಿದ. ನಮ್ಮ ಹಳೆಯ ದನದ ಸಂತೆಗಳ ಪದ್ಧತಿ ಗೊತ್ತಲ್ಲ, ಬಾಯಲ್ಲಿ ಬೆಲೆ ಹೇಳುವುದಿಲ್ಲ, ಟವಲ್ ಕೆಳಗೆ ಬೆರಳು ಒತ್ತಿ ಹೇಳುತ್ತಾರೆ. ಶೆಡ್ಡಿನಲ್ಲಿ ನಾವಿಬ್ಬರೇ ಇದ್ದಾಗ ಯಾರಿಂದ ಬಚ್ಚಿಡಬೇಕಿತ್ತೋ ಗೊತ್ತಿಲ್ಲ. ಆದರೂ ಬಗ್ಗಿ ಬಲಗೈ ಕೊಟ್ಟೆ. ಒಂದು ಕೈಯಲ್ಲಿ ಸರಕು, ಇನ್ನೊಂದರಲ್ಲಿ ಗಿರಾಕಿ. ಏಣಿ ಹಿಡಿದುಕೊಳ್ಳಲು ಉಳಿದದ್ದು ಹಲ್ಲು ಮಾತ್ರ. ಏಣಿ ಜಾರತೊಡಗಿದ್ದು ನನಗೆ ಗೊತ್ತಾಯಿತು. ಕೈ ಬಿಡಿಸಿಕೊಳ್ಳಬಹುದಿತ್ತು. ಆದರೆ ಟವಲ್ ಕೆಳಗೆ ಸೇರಿದ ಕೈಯನ್ನು ಮೊದಲು ಎಳೆದುಕೊಂಡವನು ಸೋತ ಹಾಗೆ. ನಾನು ಸೋಲಲಿಲ್ಲ, ಬಿದ್ದೆ. ನೋವಿಗೆ ಅವನ ಕೈಯನ್ನು ಹಿಂಡಿಬಿಟ್ಟೆ. ಅದನ್ನೇ ಒಪ್ಪಿಗೆ ಎಂದುಕೊಂಡ ಪುಣ್ಯಾತ್ಮ ನನ್ನನ್ನು ಆಸ್ಪತ್ರೆಗೆ ಸಾಗಿಸಿ, ವಾಪಸು ಬಂದು, ಹನ್ನೆರಡು ಚಂದ್ರಿಕೆಗಳನ್ನು ತನ್ನ ಬೆಲೆಗೇ ಹೊತ್ತುಕೊಂಡು ಹೋದ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮತ್ತಿನಿಂದ ಕಣ್ಣು ಬಿಡುವಷ್ಟರಲ್ಲಿ ನಾನು ಆಕಾಶದಿಂದ ಬಿದ್ದಾಗಿತ್ತು. ಹಾರಾಟ ಕಲಿಯುತ್ತಿದ್ದವನ ತೊಡೆ ಮುರಿದಿದೆ ಎಂದರೆ ಯಾರು ತಾನೇ ಏಣಿಯನ್ನು ನೆನೆದಾರು? ಮೊದಲು ನೋಡಲು ಬಂದವರು ಚಿಂತಾಮಣಿಯ ತರಕಾರಿ ಮಂಡಿಯ ವೆಂಕಟರವಣಪ್ಪ. ಅವರ ಮಗನೂ ಸುದರ್ಶನ್ ಸಾರ್ ಹತ್ತಿರ ಕಲಿಯಲು ಹೆಸರು ಬರೆಸಿದ್ದ.

"ಎಷ್ಟು ಎತ್ರದಿಂದ ಬಿದ್ದೆ ಗೋಪಾಲಪ್ಪಾ? ಸಾವಿರ ಅಡಿ ಇತ್ತಾ?" ಎಂದರು.

"ಅಷ್ಟಿಲ್ಲ ಬಿಡಣ್ಣಾ."

"ಹಂಗಾರೆ ಐನೂರು."

"ಅಯ್ಯೋ, ಎಲ್ಲಿಂದ ಬರ್ಬೇಕು ಐನೂರು."

"ನನ್ನ ಮಾತೂ ಬೇಡ, ನಿನ್ನ ಮಾತೂ ಬೇಡ. ಮುನ್ನೂರು."

ಮುನ್ನೂರಕ್ಕೆ ನಾನು ಸುಮ್ಮನಾದೆ. ಗಮನಿಸಿ, ನಾನು ಒಂದಡಿಯನ್ನೂ ಏರಿಸಲಿಲ್ಲ. ಬಂದವರೆಲ್ಲರ ಹತ್ತಿರವೂ ಇಳಿಸುತ್ತಲೇ ಬಂದೆ. ಎಂಟರವರೆಗೆ ಇಳಿಯುವ ತಾಳ್ಮೆ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಇದರ ಅನುಕೂಲಗಳೂ ಕಾಣತೊಡಗಿದ್ದವು. ಏಣಿಯಿಂದ ಬಿದ್ದವನಿಗೆ ಜನ ಬಾಳೆಹಣ್ಣು ತರುತ್ತಾರೆ, ಆಕಾಶದಿಂದ ಬಿದ್ದವನಿಗೆ ದಾಳಿಂಬೆ. ಊರುಗೋಲು ಹಿಡಿದು ಮಾರುಕಟ್ಟೆಗೆ ಹೋದರೆ ಕುರ್ಚಿ ಬರುತ್ತಿತ್ತು, ಕುರ್ಚಿಯ ಹಿಂದೆ ಟೀ ಬರುತ್ತಿತ್ತು. ಕೂತ ಮೇಲೆ ಕಥೆ ಹೇಳದೆ ಏಳುವುದು ಸೌಜನ್ಯವೇ? ಗಾಳಿ ಹೇಗೆ ತಿರುಗಿತು, ನೆಲ ಹೇಗೆ ಮೇಲೆ ಬಂತು, ಕೆಳಗೆ ಕುರಿಮಂದೆಯನ್ನು ತಪ್ಪಿಸಲು ನಾನು ಹೇಗೆ ಬಲಗಾಲಲ್ಲಿ ಪೆಡಲ್ ಒತ್ತಿದೆ ಎಂದೆಲ್ಲ ಹೇಳಿದೆ. ಆ ಕುರಿಗಳು ಎಲ್ಲಿಂದ ಬಂದವೋ ನನಗೂ ತಿಳಿಯದು. ಒಮ್ಮೆ ಬಂದ ಮೇಲೆ ಬಿಟ್ಟುಹೋಗಲಿಲ್ಲ.

ನನ್ನ ಹೆಂಡತಿ ಸರೋಜ ಹೈಸ್ಕೂಲಿನಲ್ಲಿ ಗಣಿತದ ಟೀಚರು. "ರೀ, ಸೋಮವಾರ ಇನ್ನೂರೈವತ್ತು ಅಂದ್ರಿ, ಇವತ್ತು ಮುನ್ನೂರು ಅಂತೀರ. ಯಾವ್ದಾದ್ರೂ ಒಂದು ಹೇಳಿ, ಸ್ಟಾಫ್ ರೂಮಲ್ಲಿ ನಾನೂ ಅದನ್ನೇ ಹೇಳ್ತೀನಿ," ಎಂದಳು. "ಅಲ್ಲಾ, ಎಂಟು ಅನ್ನೋಕೆ ನಾಲಿಗೆಗೂ ರಾಡ್ ಹಾಕಿದಾರಾ?"

ಎಂಟು ತಿಂಗಳು ಕಳೆಯಿತು. ಕಾಲು ಕೂಡಿತು, ಡಾಕ್ಟರು ಹಾರಾಟಕ್ಕೆ ಅಡ್ಡಿಯಿಲ್ಲ ಎಂದು ಬರೆದುಕೊಟ್ಟರು. ಆ ಚೀಟಿಯನ್ನು ನಾನು ಬೀರುವಿನಲ್ಲಿಟ್ಟು ಸುಮ್ಮನಿದ್ದೆ. ಒಂದು ದಿನ ಸುದರ್ಶನ್ ಸಾರ್ ಮನೆಗೇ ಬಂದರು. ಸರೋಜ ಕೊಟ್ಟ ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟು, ಬಹಳ ಮೆತ್ತಗೆ ಮಾತು ತೆಗೆದರು.

"ಗೋಪಾಲಪ್ಪನೋರೇ, ನೀವು ಬಿದ್ದ ದಿನ ನನ್ನ ಗಾಡಿ ಸರ್ವೀಸಿಗೆ ಬಿಚ್ಚಿಟ್ಟಿತ್ತು. ಎಂಜಿನ್ನೇ ಇರ್ಲಿಲ್ಲ ಅದರಲ್ಲಿ. ಈಗ ಕಲಿಯೋಕೆ ಬರ್ತಿದ್ದೋರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋದ್ರು. ವೆಂಕಟರವಣಪ್ಪನೋರು ಮಗನ್ನ ಬಿಡಿಸಿಕೊಂಡು ಹೋಗೋವಾಗ ಹೇಳ್ತಾರೆ, ಅಷ್ಟು ಹುಷಾರಿನ ಗೋಪಾಲಪ್ಪನೇ ಬಿದ್ದ ಮೇಲೆ ನಮ್ಮ ಹುಡುಗ ಯಾವ ಲೆಕ್ಕ ಅಂತ. ಹಿಂಗಾದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಾಗುತ್ತೆ."

ದಾಳಿಂಬೆ ತಿನ್ನುವಾಗ ಇದು ಹೊಳೆದಿರಲಿಲ್ಲ.

"ಭಾನುವಾರ ನಾಲ್ಕು ಜನರ ಎದುರಿಗೆ ಬಂದು ಹಾರಿ," ಎಂದರು. "ಇಲ್ಲಾಂದ್ರೆ ಗೇಟಿಗೆ ಬೋರ್ಡ್ ಹಾಕಿಸ್ತೀನಿ, ಈ ಯಜಮಾನ್ರು ಬಿದ್ದಿದ್ದು ಏಣಿಯಿಂದ ಅಂತ. ಏಣಿ ವಿಚಾರ ಮೇಡಂ ಹೇಳಿದ್ರು. ಬೋರ್ಡಲ್ಲಿ ಏಣಿ ಚಿತ್ರಾನೂ ಇರುತ್ತೆ."

ಚಿತ್ರ ಬೇಡವೆಂದು ಚೌಕಾಸಿ ಮಾಡಿ ನೋಡಿದೆ. ಭಾನುವಾರವನ್ನು ಮುಂದಿನ ತಿಂಗಳಿಗೆ ತಳ್ಳಲು ನೋಡಿದೆ. ಮನುಷ್ಯ ಜಗ್ಗಲಿಲ್ಲ. ಒಳಗಿನಿಂದ ಸರೋಜ, "ಬರ್ತಾರೆ ಸಾರ್, ನಾನೇ ಕರ್ಕೊಂಡು ಬರ್ತೀನಿ," ಎಂದುಬಿಟ್ಟಳು.

ಭಾನುವಾರ ಬೆಳಿಗ್ಗೆ ರನ್‌ವೇ ಪಕ್ಕದಲ್ಲಿ ಅರ್ಧ ಮಾರುಕಟ್ಟೆಯೇ ನಿಂತಿತ್ತು. ವೆಂಕಟರವಣಪ್ಪ ಮಗನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಮುನಿಯಪ್ಪನೂ ಬಂದಿದ್ದ. ನಾನು ಮುಂದಿನ ಸೀಟಿನಲ್ಲಿ ಕೂತೆ, ಸಾರ್ ಹಿಂದಿನದರಲ್ಲಿ ಕೂತರು. ಕಾಲುಗಳನ್ನು ಪೆಡಲ್ ಮೇಲಿಟ್ಟೆ. ಬಲಗಾಲು ಹೊಲಿಗೆ ಯಂತ್ರದ ಹಾಗೆ ನಡುಗಲು ಶುರುವಾಯಿತು. ಗಾಳಿ ತಿರುಗಿದ್ದು ಕಂಡಿತು, ನೆಲ ಮೇಲೆ ಬಂದದ್ದು ಕಂಡಿತು, ಕುರಿಗಳು ಸಹ ಕಂಡವು. ಬುದ್ಧಿವಂತನೆಂದು ಹೇಳಿಕೊಳ್ಳುವ ನಾನು ಎಂಟು ತಿಂಗಳಲ್ಲಿ ಎಷ್ಟು ಸಲ ಆಕಾಶದಿಂದ ಬಿದ್ದಿದ್ದೆನೆಂದರೆ, ಕೇಳಿದವರಿಗಿಂತ ಗಟ್ಟಿಯಾಗಿ ನನ್ನ ತೊಡೆಯೇ ಅದನ್ನು ನಂಬಿಬಿಟ್ಟಿತ್ತು.

ಹೆಡ್‌ಫೋನಿನಲ್ಲಿ ಸಾರ್ ದನಿ ಬಂತು. "ಕಾಲು ಯಾಕೆ ನಡುಗ್ತಿದೆ?"

"ರಾಡು ಸಾರ್."

"ರಾಡು ನಡುಗಲ್ಲ. ಈಗ ಇಲ್ಲಿ ನಾವಿಬ್ರೇ. ನಿಜವಾಗಿ ಎಷ್ಟು ಎತ್ತರದಿಂದ ಬಿದ್ದಿದ್ದು?"

ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟು ಹೇಳಿದೆ. "ಎಂಟು ಅಡಿ ಸಾರ್."

"ಹಂಗಾದ್ರೆ ಒಂಬತ್ತನೇ ಅಡಿಯಿಂದ ಮೇಲೆ ನಿಮಗೆ ಭಯಪಡೋ ಹಕ್ಕಿಲ್ಲ. ಎಂಟು ಅಡಿವರೆಗೂ ನಾನು ನೋಡ್ಕೊಳ್ತೀನಿ. ಅಲ್ಲಿಂದ ಮೇಲಕ್ಕೆ ನಿಮ್ದು. ಆಗಬಹುದಾ?"

ನನ್ನ ಜೀವಮಾನದಲ್ಲಿ ಇದಕ್ಕಿಂತ ನ್ಯಾಯವಾದ ವ್ಯಾಪಾರವನ್ನು ಯಾರೂ ಮುಂದಿಟ್ಟಿಲ್ಲ. ಒಪ್ಪಿದೆ. ತಲೆಯ ಮೇಲೆ ರೆಕ್ಕೆ ತಿರುಗಿತು, ಗಾಡಿ ಓಡಿತು, ಮೂಗು ಎದ್ದಿತು, ನೆಲ ಕಳಚಿಕೊಂಡಿತು. ಎದುರಿನ ಮೀಟರು ಎಂಟು ಅಡಿಯಂಥ ಚಿಲ್ಲರೆಯನ್ನೆಲ್ಲ ತೋರಿಸುವುದಿಲ್ಲ. ಸಾರ್ ಬಾಯಿಯೇ ಅಳತೆ. "ಎಂಟಾಯ್ತು. ತಗೊಳ್ಳಿ," ಎಂದರು. ತೆಗೆದುಕೊಂಡೆ. ಮುನ್ನೂರು ಅಡಿ ಬಂದಾಗ ಒಂದು ಸಲ ಕಾಲು ಜುಮ್ಮೆಂದಿತು. ಅದನ್ನು ದಾಟಿದ ಮೇಲೆ ಅದಕ್ಕೂ ತಾನು ಕೇಳಿದ್ದು ಬರೀ ಕಥೆ ಎಂದು ಅರ್ಥವಾಗಿರಬೇಕು, ಸುಮ್ಮನಾಯಿತು. ದೂರದಲ್ಲಿ ಸ್ಕಂದಗಿರಿ ಮಂಜು ಹೊದ್ದು ಕೂತಿತ್ತು. ಕೆಳಗೆ ದ್ರಾಕ್ಷಿ ಚಪ್ಪರಗಳು, ಹಿಪ್ಪುನೇರಳೆ ತೋಟಗಳು, ಬಿಸಿಲಿಗೆ ಹೊಳೆಯುವ ತಗಡಿನ ಶೆಡ್ಡುಗಳು. ಅಂಥದೇ ಒಂದು ಶೆಡ್ಡಿನೊಳಗೆ ನನ್ನ ಏಣಿ ಗೋಡೆಗೊರಗಿ ನಿಂತಿರುವುದು ನೆನಪಾಗಿ, ಅಷ್ಟು ಎತ್ತರದಲ್ಲಿ ನನ್ನಷ್ಟಕ್ಕೆ ನಾನೇ ನಕ್ಕೆ.

ಇಳಿದಾಗ ಜನ ಚಪ್ಪಾಳೆ ತಟ್ಟಿದರು. ಸರೋಜ ಮಾತ್ರ ಕೈಕಟ್ಟಿ ನನ್ನನ್ನೇ ನೋಡುತ್ತಿದ್ದಳು. ಆ ನೋಟಕ್ಕೋ, ಹಾರಿ ಬಂದ ಹಗುರಕ್ಕೋ, ಎಲ್ಲರೆದುರು ಹೇಳಿಯೇಬಿಟ್ಟೆ. "ನಾನು ಇದರಿಂದ ಬಿದ್ದೇ ಇಲ್ಲ ಕಣ್ರಪ್ಪಾ. ಬಿದ್ದಿದ್ದು ನಮ್ಮ ಶೆಡ್ಡಿನ ಏಣಿಯಿಂದ. ಸಾರ್ ಗಾಡೀದೇನೂ ತಪ್ಪಿಲ್ಲ. ಬೇಕಾದ್ರೆ ಮುನಿಯಪ್ಪನ್ನ ಕೇಳಿ."

ಎಲ್ಲರೂ ಮುನಿಯಪ್ಪನ ಕಡೆ ತಿರುಗಿದರು. ಅವನಿಗೆ ಚಂದ್ರಿಕೆಗಳ ಬೆಲೆ ನೆನಪಾಗಿರಬೇಕು. "ಅಣ್ಣ ಏನೇನೋ ಅಂತಾರೆ. ನಾನು ಆವತ್ತು ಊರಲ್ಲೇ ಇರ್ಲಿಲ್ಲ," ಎಂದ.

ವೆಂಕಟರವಣಪ್ಪ ಹತ್ತಿರ ಬಂದರು. ಹೆಗಲ ಮೇಲಿನ ಟವಲನ್ನು ನನ್ನ ಕೈಮೇಲೆ ಹಾಕಿ, ಅದರೊಳಗೆ ತಮ್ಮ ಕೈ ಸೇರಿಸಿ, ಕಿವಿಯ ಹತ್ತಿರ ಕೇಳಿದರು. "ಏಣಿ ಅನ್ನೋಕೆ ಆಯಪ್ಪ ಎಷ್ಟು ಸುತ್ತು ಬಿಟ್ಟಿಯಾಗಿ ಹಾರಿಸ್ತೀನಿ ಅಂದ? ನಂಗೊಬ್ಬಂಗೆ ಹೇಳು. ನೀನು ಸುಮ್ಸುಮ್ನೆ ನಿಜ ಹೇಳೋನಲ್ಲ."

ಕೈ ಎಳೆದುಕೊಳ್ಳಬಹುದಿತ್ತು. ತೊಡೆ ಮುರಿದಾಗಲೇ ಎಳೆದುಕೊಳ್ಳದ ಕೈ ಈಗ ಹೇಗೆ ಬಂದೀತು? ನಾಲ್ಕು ಬೆರಳು ಒತ್ತಿದೆ.

"ಸೋವಿಯಾಯ್ತಪ್ಪಾ, ಆರು ಕೇಳ್ಬೇಕಿತ್ತು," ಎಂದರು. ಆಮೇಲೆ ಗಟ್ಟಿಯಾಗಿ, "ಸಾರ್, ನಮ್ಮ ಹುಡುಗನ್ನ ನಾಳೆಯಿಂದ ಕಳಿಸ್ತೀನಿ. ಅಷ್ಟು ಎತ್ರದಿಂದ ಬಿದ್ದೋನೇ ಮತ್ತೆ ಹತ್ತಿದಾನೆ ಅಂದ್ರೆ ಗಾಡಿ ಗಟ್ಟಿಯಾಗೇ ಇರ್ಬೇಕು," ಎಂದರು. ಅವರ ಹಿಂದೆ ಇನ್ನಿಬ್ಬರು ಹೊಸಬರು ಹೆಸರು ಬರೆಸಿದರು. ನಾನು ಹೇಳಿದ ನಿಜದಿಂದ ಒಬ್ಬನೂ ಬರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಮರುದಿನ ಸುದರ್ಶನ್ ಸಾರ್‌ಗೆ ಫೋನು ಮಾಡಿ ಆರು ಸುತ್ತು ಕೇಳಿದೆ. ಯಾವ ಆರು ಎಂದರು. ವಿವರಿಸಿದೆ. ಬಹಳ ಹೊತ್ತು ನಕ್ಕು, ನಾಲ್ಕಕ್ಕೆ ಒಪ್ಪಿದರು. ಹೀಗಾಗಿ ಟವಲ್ ಕೆಳಗೆ ನಾನು ಹೇಳಿದ್ದು ಈಗ ಸುಳ್ಳೇನಲ್ಲ. ಬೇಕಾದರೆ ಸರೋಜಳ ಎದುರಿಗೂ ನಿಂತು ಹೇಳಬಲ್ಲೆ.

ಅಟ್ಟದ ಮೇಲೆ ಇನ್ನೂ ಒಂದಷ್ಟು ಚಂದ್ರಿಕೆಗಳಿವೆ, ಒಳ್ಳೆಯ ಬಿದಿರು. ಬೇಕಾದವರು ಬಂದು ನೋಡಬಹುದು. ಬೆಲೆ ಬಾಯಲ್ಲೇ ಹೇಳುತ್ತೇನೆ, ಕೆಳಗೆ ಕುರ್ಚಿಯ ಮೇಲೆ ಕೂತು. ಏಣಿ ಹತ್ತಿ ಇಳಿಸಿಕೊಳ್ಳುವ ಕೆಲಸ ಮಾತ್ರ ಕೊಂಡವರದೇ.