ಹೊರಡದ ಗಾಡಿ, ನಿಲ್ಲದ ಗಾಡಿ

ಹದಿನಾಲ್ಕು ವರ್ಷ ಹಳೆಯ ಡೀಸೆಲ್ ಪಿಕಪ್ ಕೊಳ್ಳುವಾಗ ಬಡಗಿ ನೋಡಿದ್ದು ಅದರ ಹೊಸ ಬಣ್ಣವನ್ನು ಮಾತ್ರ. ಎಂಜಿನ್ ನೋಡಿದವನು ಅವನ ಭಾಮೈದ. ನೋಡಿದ ಎಂದರೆ, ಬಾನೆಟ್ ಎತ್ತಿ ಒಳಗೆ ಇಣುಕಿ, "ಎಲ್ಲಾ ಇದೆ ಭಾವ" ಎಂದಿದ್ದ, ಅಷ್ಟೆ.

ಇವತ್ತು ಮೂರು ಗಂಟೆಯೊಳಗೆ ಶಾಲೆಗೆ ಹನ್ನೆರಡು ಬೆಂಚು ತಲುಪಬೇಕು. ನಾಳೆ ಪರೀಕ್ಷೆ. ತಡವಾದರೆ ನಿಮ್ಮ ಬೆಂಚೇ ಬೇಡ, ಪ್ಲಾಸ್ಟಿಕ್ ಕುರ್ಚಿ ತರಿಸುತ್ತೇನೆ ಎಂದು ಹೆಡ್‌ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಒಂದು ತಿಂಗಳು ಮೈಮುರಿದು ಮಾಡಿದ ಬೆಂಚುಗಳನ್ನು ಹೇರಿ, ಹಗ್ಗ ಬಿಗಿದು, ಬಡಗಿ ಕೀಲಿ ತಿರುಗಿಸಿದ. ಗಾಡಿ ನಿದ್ದೆಗೆಟ್ಟ ಮುದುಕನಂತೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಬೀದಿಗೆ ಇಷ್ಟೇ ಸಾಕಿತ್ತು. ನಿವೃತ್ತ ಬಸ್ ಡ್ರೈವರ್ ಬನಿಯನ್ನಿನಲ್ಲೇ ಓಡಿಬಂದರು.

"ಡೀಸೆಲ್ ಪೈಪಲ್ಲಿ ಗಾಳಿ ಸೇರ್ಕೊಂಡಿದೆ ಕಣಯ್ಯ. ಪಂಪ್ ಒತ್ತು!"

ಒತ್ತಿದ. ಡೀಸೆಲ್ ಎಂಜಿನ್ನಿಗೆ ಹೋಗುವ ಬದಲು ಅವನ ಮುಖಕ್ಕೇ ಚಿಮ್ಮಿತು. ಎದುರಂಗಡಿ ಟೈಲರ್ ಕತ್ತರಿ ಬಿಡದೆ, "ಬ್ಯಾಟರಿ ಹೋಗಿದೆ" ಎಂದು ತೀರ್ಪು ಕೊಟ್ಟ. ಭಾಮೈದ ಸ್ಟೀರಿಂಗ್ ಕೆಳಗೆ ತಲೆ ತೂರಿಸಿ ಒಂದು ಕೇಬಲ್ ಕಿತ್ತು ತಂದ.

"ಇದು ಯಾತಕ್ಕೂ ಬರಲ್ಲ ಭಾವ, ಸುಮ್ನೆ ಜೋತಾಡ್ತಿತ್ತು."

ಕೊನೆಗೆ ಬೀದಿಯವರೆಲ್ಲ ಸೇರಿ ಗಾಡಿಯನ್ನು ಇಳಿಜಾರಿಗೆ ನೂಕಿದರು. ಭಾಮೈದ ಓಡಿ ಹತ್ತಿಕೊಳ್ಳುತ್ತಿದ್ದಂತೆ ಗಾಡಿ ಗುಡುಗಿ ಹೊರಟಿತು. ಅದರ ಹೊಗೆಗೆ ಟೈಲರ್ ತೂಗುಹಾಕಿದ್ದ ಬಿಳಿ ಅಂಗಿಗಳೆಲ್ಲ ಬೂದಿಬಣ್ಣವಾದವು. ಅವನ ಬೈಗುಳ ತಿರುವಿನವರೆಗೂ ಬೆನ್ನಟ್ಟಿತು.

ಮೂರಕ್ಕೆ ಐದು ನಿಮಿಷವಿರುವಾಗ ಗಾಡಿ ಶಾಲೆಯ ಗೇಟಿಗೆ ಬಂತು. ಹೆಡ್‌ಮೇಡಂ ಕಿವಿ ಮುಚ್ಚಿಕೊಂಡೇ ಹೊರಬಂದರು.

"ರೀ, ಮೊದಲು ಅದನ್ನ ಆಫ್ ಮಾಡ್ರಿ! ಒಳಗೆ ಮಕ್ಕಳು ಓದ್ತಿದ್ದಾರೆ!"

ಬಡಗಿ ಕೀಲಿ ತಿರುಗಿಸಿ ಹೊರಗೆಳೆದ. ಕೀಲಿ ಅಂಗೈಯಲ್ಲಿತ್ತು, ಎಂಜಿನ್ ಮಾತ್ರ ಬಡಬಡಿಸುತ್ತಲೇ ಇತ್ತು. ಗಾಬರಿಯಿಂದ ಮೆಕ್ಯಾನಿಕ್ಕಿಗೆ ಫೋನು ಮಾಡಿದ.

"ಹಳೇ ಡೀಸೆಲ್ ಗಾಡಿ ಕೀಲಿಗೆ ನಿಲ್ಲಲ್ಲ ಸ್ವಾಮಿ. ಸ್ಟೀರಿಂಗ್ ಕೆಳಗಿರೋ ಸ್ಟಾಪ್ ಕೇಬಲ್ ಎಳೀರಿ. ಅದಿಲ್ವಾ? ಹಾಗಾದ್ರೆ ನಾಲ್ಕನೇ ಗೇರಿಗೆ ಹಾಕಿ, ಬ್ರೇಕ್ ತುಳಿದು ಕ್ಲಚ್ ಬಿಡಿ."

ಭಾಮೈದ ಆಕಾಶ ನೋಡತೊಡಗಿದ. ನಿಲ್ಲಿಸಿದರೆ ಮತ್ತೆ ಹೊರಡುವ ಭರವಸೆಯಿಲ್ಲ. ಬಡಗಿ ಆ ಸದ್ದಿನಲ್ಲೇ ಬೆಂಚು ಇಳಿಸಿದ.

"ಬೆಂಚು ಚೆನ್ನಾಗಿವೆ. ಇನ್ಮೇಲೆ ತಳ್ಳುಗಾಡೀಲಿ ತನ್ನಿ" ಎಂದು ಹೆಡ್‌ಮೇಡಂ ಒಳಗೆ ಹೋದರು.

ಆಗ ಗೇಟಿನ ಬಳಿ ನಿಂತಿದ್ದ ತರಕಾರಿ ವ್ಯಾಪಾರಿ ಹತ್ತಿರ ಬಂದ. "ಏನ್ ದನಿ ರೀ ಎಂಜಿನ್ನಿಂದು! ಇಂಥದ್ದೇ ಹುಡುಕ್ತಿದ್ದೆ. ಕೊಡ್ತೀರಾ?"

ಬಡಗಿಯ ಕಣ್ಣು ತುಂಬಿ ಬಂತು. "ಈಗ್ಲೇ ತಗೊಂಡ್ಹೋಗಿ."

"ಒಂದ್ಸಲ ನಿಲ್ಲಿಸಿ ಸ್ಟಾರ್ಟ್ ಮಾಡಿ ತೋರ್ಸಿ, ಸಾಕು."

ಬಡಗಿ ದೇವರನ್ನು ನೆನೆದು ಗಾಡಿ ಹತ್ತಿದ. ನಾಲ್ಕನೇ ಗೇರಿಗೆ ಹಾಕಿ, ಬ್ರೇಕ್ ತುಳಿದು ಕ್ಲಚ್ ಬಿಟ್ಟ. ಗಾಡಿ ಕುಪ್ಪಳಿಸಿ ನಿಂತಿತು. ಕಣ್ಣುಮುಚ್ಚಿ ಕೀಲಿ ತಿರುಗಿಸಿದ. ಒಂದೇ ತಿರುವಿಗೆ ಎಂಜಿನ್ ಹಾಲು ಕುಡಿದ ಬೆಕ್ಕಿನ ಹಾಗೆ ಹಿತವಾಗಿ ಗುರುಗುಟ್ಟಿತು!

ವ್ಯಾಪಾರಿ ಎರಡು ಹೆಜ್ಜೆ ಹಿಂದೆ ಸರಿದ.

"ಇಷ್ಟು ಚೆನ್ನಾಗಿರೋ ಗಾಡಿನ ಈಗ್ಲೇ ತಗೊಂಡ್ಹೋಗಿ ಅಂತೀರಲ್ಲ! ಇದರ ಮೇಲೆ ಏನೋ ಕೇಸಿದೆ. ನಂಗೆ ಬೇಡಪ್ಪ."

"ಅಯ್ಯೋ, ಇಲ್ಲ ಯಜಮಾನ್ರೇ! ಆಣೆ ಮಾಡಿ ಹೇಳ್ತೀನಿ, ಗಾಡಿ ಸರಿಯಿಲ್ಲ! ಹೊರಡಲ್ಲ, ಹೊರಟ್ರೆ ನಿಲ್ಲಲ್ಲ!"

ವ್ಯಾಪಾರಿ ತಿರುಗಿ ನೋಡದೆ ದಾಪುಗಾಲು ಹಾಕಿದ.

"ನಾನು ಹೇಳ್ಲಿಲ್ವಾ ಭಾವ," ಭಾಮೈದ ಬಾನೆಟ್ ತಟ್ಟಿದ, "ಚಿನ್ನದಂಥ ಗಾಡಿ!"

ಎಂಜಿನ್ ತಾನಾಗಿಯೇ ನಿಂತುಹೋಯಿತು. ಬಡಗಿ ಇಳಿದು, ಅಂಗಿಯ ತೋಳು ಮಡಚಿಕೊಂಡು, ನೂಕಲು ಗಾಡಿಯ ಹಿಂದಕ್ಕೆ ನಡೆದ.